ಬೆಟ್ಟಕ್ಕೂ ಒಂದು ಬಿಡುವು



ಪರೀಕ್ಷೆಗಳು ಮುಗಿಯುತ್ತಿದ್ದಂತೆ ನಮ್ಮ ಮಕ್ಕಳ ಕಣ್ಣು ಘಟ್ಟದ ಕಡೆಗೆ ಹೊರಳುತ್ತದೆ. ಕಾರ್ಕಳದಿಂದ ನೋಡಿದರೆ ಮೂಡಣ ದಿಕ್ಕಿನಲ್ಲಿ ಕುದುರೆಮುಖದ ಸಾಲು ನೀಲಿಯಾಗಿ ನಿಂತಿರುತ್ತದೆ. ಒಮ್ಮೆ ಬೇಸಿಗೆಯ ಆರಂಭದಲ್ಲಿ ನಮ್ಮ ಯುವಕರು ಅಲ್ಲಿಗೆ ಚಾರಣ ಹೊರಡಲು ಸಿದ್ಧರಾದರು. ಕಾಡ್ಗಿಚ್ಚಿನ ಭಯದಿಂದ ಅರಣ್ಯ ಇಲಾಖೆಯು ಆ ದಿನಗಳಲ್ಲಿ ಚಾರಣವನ್ನು ನಿಲ್ಲಿಸುವುದುಂಟು. ಅವರಿಗೆ ಅನುಮತಿ ದೊರೆಯಲಿಲ್ಲ. ಕೇಳದೆಯೇ ಹೋಗೋಣವೆಂಬ ಮಾತೂ ಬಂತು. ಒಬ್ಬ ಹುಡುಗನು ನನ್ನನ್ನು ಕೇಳಿದನು: “ಫಾದರ್, ನಾವು ಕಸ ಬಿಸಾಡುವುದಿಲ್ಲ, ಮರ ಕಡಿಯುವುದಿಲ್ಲ. ಪ್ರೀತಿಯಿಂದ ನೋಡಲು ಹೋಗುವವರನ್ನು ತಡೆಯುವುದು ಯಾವ ನ್ಯಾಯ?”

ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲಾಗದು. ಅವನ ಪ್ರೀತಿ ನಿಜವಾದುದು. ಆದರೆ ನನಗೆ ನನ್ನ ಸೆಮಿನರಿಯ ದಿನಗಳು ನೆನಪಾದವು. ನಾವು ಆರು ಮಂದಿ ಇಂತಹದೇ ಬಿಸಿಲಿನಲ್ಲಿ ಘಟ್ಟದ ಗುಡ್ಡವೊಂದನ್ನು ಏರಿದ್ದೆವು. ಮೂರು ಕಲ್ಲಿಟ್ಟು ಚಹಾ ಕಾಯಿಸಿ, ಬೆಂಕಿ ಆರಿತೆಂದು ಭಾವಿಸಿ ಮುಂದೆ ನಡೆದೆವು. ಗಾಳಿ ಬೀಸಿತು. ತಿರುಗಿ ನೋಡಿದರೆ ಹುಲ್ಲು ಉರಿಯುತ್ತಿತ್ತು. ಹಸಿ ಸೊಪ್ಪಿನಿಂದ ಬಡಿದು ಆರಿಸುವಷ್ಟರಲ್ಲಿ ಮನೆಯಂಗಳದಷ್ಟು ಜಾಗ ಕಪ್ಪಾಗಿತ್ತು. ನಮ್ಮಲ್ಲಿ ಯಾರಿಗೂ ದುರುದ್ದೇಶವಿರಲಿಲ್ಲ. ಕೇಡು ಮಾಡಲು ಕೆಟ್ಟ ಮನಸ್ಸೇ ಬೇಕೆಂದಿಲ್ಲ ಎಂಬುದನ್ನು ಅಂದು ಕಲಿತೆನು.

ಬೆಟ್ಟದ ಹುಲ್ಲುಗಾವಲೂ ಕಣಿವೆಯ ಶೋಲಾ ಕಾಡೂ ಮಳೆನೀರನ್ನು ಹೀರಿಟ್ಟುಕೊಂಡು ನಿಧಾನವಾಗಿ ಹೊಳೆಗಳಿಗೆ ಬಿಡುತ್ತವೆ. ತುಂಗಾ, ಭದ್ರಾ, ನೇತ್ರಾವತಿಗಳು ಆ ಸಾಲಿನಲ್ಲಿಯೇ ಹುಟ್ಟುತ್ತವೆ. ಘಟ್ಟದಿಂದ ಇಳಿದು ಬರುವ ಸ್ವರ್ಣಾ ನದಿಯ ನೀರು ಬಜೆ ಅಣೆಕಟ್ಟಿನಿಂದ ಉಡುಪಿ, ಮಣಿಪಾಲದ ಮನೆಗಳಿಗೆ ಬರುತ್ತದೆ. 2019ರ ಮೇ ತಿಂಗಳಲ್ಲಿ ಬಜೆಯಲ್ಲಿ ನೀರು ಬತ್ತಿದಾಗ ಕೊಡ ಹಿಡಿದು ಟ್ಯಾಂಕರಿಗಾಗಿ ಕಾದವರು ನಾವೇ. ಬೆಟ್ಟವು ನೋಡಲು ಬರುವವರಿಗೆ ಮಾತ್ರ ಸೇರಿದ್ದಲ್ಲ.

ಆ ಬೆಟ್ಟಗಳ ಮಡಿಲಲ್ಲಿ ಮನುಷ್ಯನು ಮಾಡಿದ ಕೆರೆಯೊಂದಿದೆ. ಕಬ್ಬಿಣದ ಅದಿರನ್ನು ತೆಗೆದ ಮೇಲೆ ಉಳಿದ ಹೂಳನ್ನು ತಡೆಯಲು ಕಟ್ಟಿದ ಲಕ್ಯಾ ಅಣೆಕಟ್ಟಿನ ಕೆರೆ ಅದು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಯಲ್ಲಿ ಗಣಿಗಾರಿಕೆ ನಿಂತಿತು; ಹೂಳು ಅಲ್ಲಿಯೇ ಉಳಿಯಿತು. ಗಣಿಗೂ ಹುಡುಗರ ನಡಿಗೆಗೂ ಅಜಗಜಾಂತರವಿದೆ, ನಿಜ. ಆದರೂ ಬೆಟ್ಟವಿರುವುದು ನಮಗಾಗಿಯೇ ಎಂಬ ಎಣಿಕೆ ಎರಡರಲ್ಲಿಯೂ ಅಡಗಿರಬಹುದಲ್ಲವೇ?

ನಮ್ಮ ಕಡಲತೀರವನ್ನು ನೋಡಿರಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ. ಮೀನು ಮರಿ ಮಾಡುವ ಕಾಲವದು. ಮಲ್ಪೆಯಲ್ಲಿ, ಕಾಪುವಿನಲ್ಲಿ ಕಡಲನ್ನೇ ನಂಬಿದ ಕುಟುಂಬಗಳು ಸಾಲದ ಕಂತು ತಲೆಯ ಮೇಲಿದ್ದರೂ ಆ ಬಿಡುವಿಗೆ ತಲೆಬಾಗುತ್ತವೆ. ಅನ್ನಕ್ಕಾಗಿ ಹೋಗುವವರೇ ಕಾಯುವಾಗ, ಆನಂದಕ್ಕಾಗಿ ಹೋಗುವ ನಾವು ಮಳೆ ಮುಗಿದು ಹುಲ್ಲು ಹಸಿರಾಗುವ ತನಕ ಕಾಯಲಾರೆವೇ?

ಹುಡುಗನು ಒಪ್ಪಿದನೋ ಇಲ್ಲವೋ, ಹೇಳಲಿಲ್ಲ. ಆ ವಾರ ಎಲ್ಲರೂ ಕಾರ್ಕಳದಾಚೆಯ ವರಂಗದ ಕೆರೆಗೆ ಹೋದೆವು. ನೀರಿನ ನಡುವೆ ಬಸದಿ, ಅದರ ಹಿಂದೆ ಘಟ್ಟ. ಬಸದಿಗೆ ದೋಣಿಯಲ್ಲಿಯೇ ಹೋಗಬೇಕು. ಕೆಲವರು ಹೋಗಿ ಬರುವವರೆಗೆ ಉಳಿದವರು ದಡದಲ್ಲಿ ಕಾಯಬೇಕು. ಅವನು ಚಿಕ್ಕವರನ್ನು ಮೊದಲು ಕಳುಹಿಸಿ, ತಾನು ದಡದಲ್ಲಿ ಕುಳಿತು ಬಹಳ ಹೊತ್ತು ಬೆಟ್ಟವನ್ನೇ ನೋಡುತ್ತಿದ್ದನು.

ಈ ಬೇಸಿಗೆಯಲ್ಲಿ ನಿಮ್ಮ ಮಕ್ಕಳೂ ಅದೇ ಪ್ರಶ್ನೆಯನ್ನು ಕೇಳಿಯಾರು. ಬೇಡವೆಂದಷ್ಟೇ ಹೇಳದೆ, ಅವರ ಪಕ್ಕದಲ್ಲಿ ಕುಳಿತು ಕಾರಣವನ್ನೂ ಹೇಳಿರಿ.