ಬೀಗದ ಕೈ ಯಾರದು?



ಊರಿನ ರಸ್ತೆ ಹದಗೆಟ್ಟಾಗ, ಔಷಧಿಯ ಬೆಲೆ ಏರಿದಾಗ 'ಸರಕಾರ ಏನು ಮಾಡುತ್ತಿದೆ?' ಎಂದು ಕೇಳುತ್ತೇವೆ. ಅದೇ ಸರಕಾರ ನಮ್ಮ ಜಮೀನು, ನಮ್ಮ ಶಾಲೆ, ನಮ್ಮ ಪ್ರಾರ್ಥನೆಯ ವಿಷಯಕ್ಕೆ ಬಂದಾಗ 'ಇಲ್ಲಿ ಅದಕ್ಕೇನು ಕೆಲಸ?' ಎನ್ನುತ್ತೇವೆ. ಒಂದೇ ಬಾಯಿಂದ ಹೊರಡುವ ಈ ಎರಡು ಮಾತುಗಳಿಗೆ ದನಿ ಕೊಟ್ಟವರು ಬಹುಮಟ್ಟಿಗೆ ಹದಿನೇಳು ಮತ್ತು ಹದಿನೆಂಟನೆಯ ಶತಮಾನಗಳ ಯುರೋಪಿನ ಚಿಂತಕರು.

ಅಂದು ಅನೇಕ ಅರಸರು ತಮ್ಮ ಅಧಿಕಾರ ನೇರವಾಗಿ ದೇವರಿಂದ ಬಂದುದೆಂದು ಸಾರುತ್ತಿದ್ದರು. ಇಂಗ್ಲೆಂಡಿನ ಅಂತರ್ಯುದ್ಧದ ಭೀಕರತೆಯನ್ನು ಕಂಡ ಥಾಮಸ್ ಹಾಬ್ಸ್ 1651ರಲ್ಲಿ ಬೇರೊಂದು ವಾದ ಮುಂದಿಟ್ಟನು: ಪರಸ್ಪರ ಭಯದಿಂದ ಪಾರಾಗಲು ಜನರೇ ಒಪ್ಪಂದ ಮಾಡಿಕೊಂಡು ಅಧಿಕಾರವನ್ನು ಒಪ್ಪಿಸುತ್ತಾರೆ. ಹಾಬ್ಸನು ಬಯಸಿದ್ದು ಪ್ರಬಲ ಪ್ರಭುವನ್ನೇ. ಆದರೆ ಆ ಪ್ರಭುತ್ವದ ಬೇರನ್ನು ಜನರ ಸಮ್ಮತಿಯಲ್ಲಿ ನೆಟ್ಟನು. 1689ರಲ್ಲಿ ಜಾನ್ ಲಾಕ್ ಇನ್ನೂ ಮುಂದೆ ಹೋದನು. ಜೀವ, ಸ್ವಾತಂತ್ರ್ಯ, ಆಸ್ತಿಗಳ ರಕ್ಷಣೆಗಾಗಿ ಜನರು ಅಧಿಕಾರವನ್ನು ನಂಬಿಕೆಯಿಂದ ಒಪ್ಪಿಸಿದ್ದಾರೆ. ನಂಬಿಕೆ ಮುರಿದರೆ ಅದನ್ನು ಹಿಂದೆಗೆದುಕೊಳ್ಳುವ ಹಕ್ಕೂ ಅವರದೇ ಎಂದನು.

ಪರವೂರಿಗೆ ಹೋಗುವಾಗ ನಾವು ನೆರೆಮನೆಯವರಿಗೆ ಬೀಗದ ಕೈ ಕೊಡುವುದಿಲ್ಲವೇ? ಕೈ ಅವರಲ್ಲಿದೆ ಎಂದ ಮಾತ್ರಕ್ಕೆ ಮನೆ ಅವರದಾಗದು. ಎಲ್ಲ ಕೋಣೆಗಳ ಬೀಗದ ಕೈ ಒಬ್ಬನಲ್ಲೇ ಇರಬಾರದೆಂಬುದು 1748ರಲ್ಲಿ ಮಾಂಟೆಸ್ಕ್ಯೂ ನೀಡಿದ ಎಚ್ಚರಿಕೆ. ಕಾನೂನು ಮಾಡುವವರು, ನಡೆಸುವವರು, ನ್ಯಾಯ ಹೇಳುವವರು ಬೇರೆ ಬೇರೆಯಾಗಿರಬೇಕು. ಒಬ್ಬನು ಇನ್ನೊಬ್ಬನನ್ನು ಕೊಳ್ಳುವಷ್ಟು ಸಿರಿವಂತನೂ, ತನ್ನನ್ನೇ ಮಾರಿಕೊಳ್ಳುವಷ್ಟು ಬಡವನೂ ಇರಬಾರದೆಂದು 1762ರಲ್ಲಿ ರೂಸೋ ಬರೆದನು. ಹೀಗೆ 'ಮಿತಿ ಮೀರಬೇಡ' ಎಂಬ ದನಿಯೂ, 'ಸಮಾನತೆಯನ್ನು ಕಾಪಾಡು' ಎಂಬ ದನಿಯೂ ಜೊತೆಜೊತೆಯಾಗಿ ಬೆಳೆದವು.

ನಮ್ಮ ಸಂವಿಧಾನದಲ್ಲಿ ಇವೆರಡಕ್ಕೂ ಸ್ಥಾನವಿದೆ. ಮೂರನೆಯ ಭಾಗದ ಮೂಲಭೂತ ಹಕ್ಕುಗಳು ಸರಕಾರದ ಕೈಯನ್ನು ತಡೆಯುತ್ತವೆ. ನಾಲ್ಕನೆಯ ಭಾಗದ ನಿರ್ದೇಶಕ ತತ್ವಗಳು ಅದೇ ಕೈಯನ್ನು ದುರ್ಬಲರ ಕಡೆಗೆ ಚಾಚಲು ಹೇಳುತ್ತವೆ. ಮೊದಲಿನವನ್ನು ನ್ಯಾಯಾಲಯದಲ್ಲಿ ಕೇಳಿ ಪಡೆಯಬಹುದು. ಎರಡನೆಯವುಗಳ ಈಡೇರಿಕೆ ಹೆಚ್ಚಾಗಿ ಪ್ರಜೆಗಳ ಎಚ್ಚರವನ್ನೇ ಅವಲಂಬಿಸಿದೆ.

ಆದರೆ ಆ ಚಿಂತಕರ ಒಂದು ಸೋಲನ್ನು ನಾವು ಮರೆಯಬಾರದು. ಸ್ವಾತಂತ್ರ್ಯದ ಬಗ್ಗೆ ಅಷ್ಟು ಬರೆದ ಲಾಕ್, ಗುಲಾಮರ ವ್ಯಾಪಾರ ನಡೆಸುತ್ತಿದ್ದ ಕಂಪನಿಯಲ್ಲಿ ಹಣ ತೊಡಗಿಸಿದ್ದನು. ಧಾರ್ಮಿಕ ಸಹನೆಯನ್ನು ಕುರಿತ ಅವನ ಪತ್ರವು ನಾಸ್ತಿಕರನ್ನು ಹೊರಗಿಟ್ಟಿತು. ಪರರಾಜನಿಗೆ ನಿಷ್ಠರೆಂಬ ನೆಪದಲ್ಲಿ ಕಥೋಲಿಕರನ್ನೂ ಹೊರಗಿಡುವ ದಾರಿ ತೋರಿತು. ತನಗೆ ಬೇಕೆಂದು ಕೇಳಿದ ಹಕ್ಕು ಇನ್ನೊಬ್ಬನಿಗೂ ಬೇಕೆಂಬುದು ಅವನಿಗೆ ಕಾಣಲಿಲ್ಲ. ನಮಗಾದರೂ ಕಾಣುತ್ತದೆಯೇ? ನಮ್ಮ ಆರಾಧನೆಗೆ ರಕ್ಷಣೆ ಕೇಳುವ ನಾವು, ನೆರೆಯವರ ಆರಾಧನೆಗೆ ಅಡ್ಡಿಯಾದಾಗ ಮೌನವಾಗಿರುತ್ತೇವೆಯೇ? ನಮ್ಮ ಮಗನ ವಿದ್ಯಾರ್ಥಿವೇತನ ಹಕ್ಕು, ಪಕ್ಕದ ಬಡವನ ಪಡಿತರ ದಂಡ ಎನ್ನುತ್ತೇವೆಯೇ?

1949ರ ನವೆಂಬರ್ 25ರಂದು ಸಂವಿಧಾನ ರಚನಾ ಸಭೆಯಲ್ಲಿ ಡಾ. ಅಂಬೇಡ್ಕರ್ ಇದನ್ನೇ ನೆನಪಿಸಿದರು: ಬಂಧುತ್ವವಿಲ್ಲದಿದ್ದರೆ ಸ್ವಾತಂತ್ರ್ಯ, ಸಮಾನತೆಗಳು ಸಹಜವಾಗಿ ನೆಲೆಗೊಳ್ಳವು; ಅವನ್ನು ಜಾರಿಗೊಳಿಸಲು ಪೊಲೀಸನೇ ಬೇಕಾದೀತು. ಸರಕಾರ ರಸ್ತೆ ಹಾಕಬಹುದು, ಅಕ್ಕಿ ಕೊಡಬಹುದು, ಕಾನೂನು ಮಾಡಬಹುದು. ನೆರೆಯವನನ್ನು ನಮ್ಮವನೆಂದು ಕಾಣುವ ಕಣ್ಣನ್ನು ಮಾತ್ರ ಯಾವ ಸರಕಾರವೂ ಕೊಡಲಾರದು.

ಆದುದರಿಂದ ಪ್ರಿಯರೇ, ಸರಕಾರದ ಕೆಲಸ ಎಷ್ಟು ಎಂಬ ಮಾತು ಮನೆಯಲ್ಲಿ ಬಂದಾಗಲೆಲ್ಲ ಅದನ್ನು ನಮ್ಮ ಜಗಲಿಯಿಂದ ಮಾತ್ರ ನೋಡದಿರೋಣ. ಬೀದಿಯ ಕಡೆಯ ಮನೆಯ ಬಾಗಿಲಲ್ಲಿ ನಿಂತೂ ನೋಡೋಣ. ಬೀಗದ ಕೈ ಕೊಟ್ಟವರು ನಾವು. ಆ 'ನಾವು' ಎಂಬ ಮಾತಿನೊಳಗೆ ಆ ಮನೆಯವರೂ ಇದ್ದಾರೆ.