ತಗೊಳವಲ್ದು

ಕಂಪ್ಯೂಟರ್ ಮುಂದೆ ಕೂತವರ ಬಾಯಲ್ಲಿ ನಮ್ಮ ಕಡೆ ಒಂದು ಶಬ್ದ ಖಾಯಂ ಇರ್ತದೆ: ‘ತಗೊಳವಲ್ದು’. ರೇಶನ್ ಅಂಗಡಿಯಲ್ಲಿ ಅಜ್ಜಿಯ ಹೆಬ್ಬೆಟ್ಟು ತಗೊಳವಲ್ದು. ಬ್ಯಾಂಕಿನಲ್ಲಿ ಆಧಾರಿನ ಹೆಸರು ತಗೊಳವಲ್ದು. ಜುಲೈ ಬಂತಂದ್ರೆ ಇನ್‌ಕಮ್ ಟ್ಯಾಕ್ಸಿನ ಫಾರ್ಮು ತಗೊಳವಲ್ದು. ಈ ಕ್ರಿಯಾಪದಕ್ಕೆ ಕರ್ತೃ ಯಾರು ನೋಡಿ. ಕ್ಲರ್ಕ್ ಅಲ್ಲ, ಸಾಹೇಬರಲ್ಲ, ಸರ್ಕಾರವೂ ಅಲ್ಲ. ಮಷೀನು. ಮಷೀನಿಗೆ ಬೈದರೆ ಅದಕ್ಕೆ ಕೇಳಿಸೋದಿಲ್ಲ, ಅರ್ಜಿ ಕೊಟ್ಟರೆ ಓದೋದಿಲ್ಲ. ಹಿಂಗಾಗಿ ಎಲ್ಲಾರೂ ಸುಮ್ಮನಾಗ್ತಾರೆ.

ನಾನು ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಬರೆಯೋನು. ಮಷೀನು ತಾನಾಗಿ ಏನನ್ನೂ ಬೇಡ ಅನ್ನೋದಿಲ್ಲ ಅಂತ ನನಗೆ ಗೊತ್ತು. ಎಲ್ಲೋ ಒಂದು ಆಫೀಸಿನಲ್ಲಿ ನನ್ನಂಥವನೊಬ್ಬ ಕೂತು, ‘ಇದಕ್ಕಿಂತ ಹೆಚ್ಚು ಬರೆದರೆ ಮುಂದೆ ಬಿಡಬೇಡ’ ಅಂತ ಒಂದು ಸಾಲು ಬರೆದಿರ್ತಾನೆ. ವರ್ಷಕ್ಕೊಮ್ಮೆ ಫಾರ್ಮು ಬದಲಾಗ್ತದೆ, ಅದರ ಜೊತೆ ಆ ಸಾಲೂ ಬದಲಾಗ್ತದೆ. ನನ್ನ ತಲೆಯಲ್ಲಿ ಉಳಿದಿರೋ ಪ್ರಶ್ನೆ ಇದು: ಖರೇ ಉತ್ತರವನ್ನು ಫಾರ್ಮು ತಗೊಳ್ಳದೇ ಹೋದಾಗ, ಅದು ತಗೊಳ್ಳುವಂಥ ಉತ್ತರ ಬರೆದು ಕಳಿಸಿದರೆ, ಆ ಸುಳ್ಳು ಯಾರದು?

ಸವದತ್ತಿ ತಾಲೂಕಿನ ಒಬ್ಬ ರಿಟೈರ್ಡ್ ಮಾಸ್ತರು, ಪರಿಚಯದವರು. ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು ಸುಮಾರು ಆರು ಲಕ್ಷ ಪೆನ್ಶನ್. ಆರು ಎಕರೆ ಎರಿ ಹೊಲ, ಹಿಂಗಾರಿಗೆ ಕಡಲೆ, ಒಂದಿಷ್ಟು ಬಿಳಿಜೋಳ. ಬೀಜ, ಗೊಬ್ಬರ, ಆಳಿನ ಖರ್ಚು ಎಲ್ಲಾ ಹೋಗಿ ಎಂಬತ್ತು ಸಾವಿರ ಉಳಿದಿತ್ತು. 2025ರಲ್ಲಿ ರಿಟರ್ನ್ ತುಂಬಿಸೋಕೆ ಆನ್‌ಲೈನ್ ಸೆಂಟರಿಗೆ ಹೋದರು. ಪಗಾರ-ಪೆನ್ಶನ್ ಇದ್ದವರು ಸಾಮಾನ್ಯವಾಗಿ ತುಂಬೋದು ‘ಸಹಜ್’ ಅನ್ನೋ ಐಟಿಆರ್-1. ಅದರಲ್ಲಿ ಕೃಷಿ ಆದಾಯ ಅಂತ ಖಾನೆ ಇದೆ, ಆದರೆ 5,000 ರೂಪಾಯಿವರೆಗೆ ಮಾತ್ರ.

“ಸರ, ಐದು ಸಾವಿರದ ಮ್ಯಾಲ ತಗೊಳವಲ್ದ್ರೀ. ಐದು ಸಾವಿರನ ಹಾಕ್ತೇನಿ. ಹೆಂಗಿದ್ರೂ ಹೊಲದ ರೊಕ್ಕಕ್ಕ ಟ್ಯಾಕ್ಸ್ ಇಲ್ಲಲ್ರೀ” ಅಂದ ಅಂಗಡಿ ಹುಡುಗ. ಮಾಸ್ತರು ಅಲ್ಲಿಂದಲೇ ನನಗೆ ಫೋನ್ ಹಚ್ಚಿದರು. “ತಮ್ಮಾ, ಕಡ್ಲಿ ಮಾರಿದ ಅಡತಿ ಪಟ್ಟಿ ನನ್ನ ಕಿಸೇದಾಗ ಐತಿ. ಐದು ಸಾವಿರ ಅಂತ ನಾ ಹೆಂಗ ಸಹಿ ಮಾಡ್ಲಿ?”

ಹುಡುಗ ಹೇಳಿದ ಮಾತಿನಲ್ಲಿ ಅರ್ಧ ನಿಜ ಇದೆ. ಸಂವಿಧಾನದ ಪ್ರಕಾರ ಕೃಷಿ ಆದಾಯದ ಮೇಲೆ ತೆರಿಗೆ ಹಾಕೋ ಅಧಿಕಾರ ರಾಜ್ಯದ್ದು, ಕೇಂದ್ರದ್ದಲ್ಲ. ಕರ್ನಾಟಕದಲ್ಲಿ 1957ರ ಕೃಷಿ ಆದಾಯ ತೆರಿಗೆ ಕಾಯ್ದೆ ಅಂತಲೇ ಒಂದಿದೆ. ಅದು ಗೊತ್ತಿರೋದು ಕಾಫಿ ತೋಟದವರಿಗೆ, ನಮ್ಮ ಜೋಳ-ಕಡಲೆಯವರಿಗಲ್ಲ. ಆದರೆ 1972ರಲ್ಲಿ ಕೆ.ಎನ್. ರಾಜ್ ಸಮಿತಿ ಒಂದು ದಾರಿ ತೋರಿಸಿತು, ಮರುವರ್ಷ ಕೇಂದ್ರ ಅದನ್ನ ಹಿಡಿಯಿತು: ಹೊಲದ ಆದಾಯಕ್ಕೆ ತೆರಿಗೆ ಹಾಕೋದಿಲ್ಲ, ಆದರೆ ಉಳಿದ ಆದಾಯಕ್ಕೆ ಯಾವ ದರ ಅಂತ ನಿರ್ಧರಿಸುವಾಗ ಅದನ್ನೂ ಎಣಿಸ್ತೀವಿ.

ಮಾಸ್ತರ ಲೆಕ್ಕ ನಾನು ಕೂತು ಮಾಡಿದೆ. ಹೊಸ ಪದ್ಧತಿಯ ಆ ವರ್ಷದ ದರದಲ್ಲಿ ಆರು ಲಕ್ಷಕ್ಕೆ ತೆರಿಗೆ 15,000. ಎಂಬತ್ತು ಸಾವಿರ ಸೇರಿಸಿ, ಕಳೆದು ನೋಡಿದರೂ 15,000. ಏಳು ಲಕ್ಷದೊಳಗಿನವರಿಗೆ ಆಗ ಸಿಗ್ತಿದ್ದ ರಿಬೇಟಿನಲ್ಲಿ ಅಷ್ಟೂ ಮಾಫಿ. ಅಂದರೆ ಖರೇ ಹೇಳಿದರೂ ಸೊನ್ನೆ, ಸುಳ್ಳು ಹೇಳಿದರೂ ಸೊನ್ನೆ.

ಈಗ ಇದೇ ಖಾನೆಯನ್ನು ಇನ್ನೊಬ್ಬನ ಕೈಗೆ ಕೊಡಿ. ಬೆಂಗಳೂರಿನಲ್ಲಿ ನನ್ನ ಹಾಗೆ ಕೆಲಸ ಮಾಡೋ ಒಬ್ಬ, ಇಪ್ಪತ್ತು ಲಕ್ಷ ಆದಾಯ, ಬೈಲಹೊಂಗಲದ ಹತ್ತಿರ ಅವನ ಹೆಸರಿನ ಹೊಲದಲ್ಲಿ ಕಬ್ಬು, ನಿವ್ವಳ ನಾಲ್ಕು ಲಕ್ಷ ಅಂತಿಟ್ಟುಕೊಳ್ಳಿ. ಆ ವರ್ಷದ ದರದಲ್ಲಿ ಕಬ್ಬಿನ ರೊಕ್ಕ ತೋರಿಸದಿದ್ದರೆ ತೆರಿಗೆ 2,90,000, ತೋರಿಸಿದರೆ 3,90,000, ಮೇಲೆ ಸೆಸ್ ಬೇರೆ. ಇವನೂ ಹೇಳೋದು ಅದೇ ವಾಕ್ಯ: ‘ಹೊಲದ ರೊಕ್ಕಕ್ಕೆ ಟ್ಯಾಕ್ಸ್ ಇಲ್ಲಲ್ಲ.’ ಮಾಸ್ತರಿಗೆ ಆ ವಾಕ್ಯ ಬರೀ ಅನುಕೂಲ. ಇವನಿಗೆ ಒಂದು ಲಕ್ಷ ರೂಪಾಯಿ. ಆದರೂ ರಾತ್ರಿ ನಿದ್ದಿಗೆಟ್ಟದ್ದು ಮಾಸ್ತರಿಗೆ!

ಈ ಇಬ್ಬರ ವಿಷಯದಲ್ಲೂ ‘ತಗೊಳವಲ್ದು’ ಅನ್ನೋದು ಪೂರ್ತಿ ನಿಜ ಅಲ್ಲ. ಐಟಿಆರ್-1 ತಗೊಳ್ಳೋದಿಲ್ಲ, ಐಟಿಆರ್-2 ತಗೊಳ್ತದೆ. ಅದು ಉದ್ದದ ಫಾರ್ಮು, ಹಳ್ಳಿ ಸೆಂಟರಿನಲ್ಲಿ ಹೆಚ್ಚು ದುಡ್ಡು ಕೇಳ್ತಾರೆ, ಅರ್ಧ ಷೆಡ್ಯೂಲು ನಮಗೆ ಸಂಬಂಧವೇ ಇಲ್ಲ. ಆದರೂ ದಾರಿ ಇದೆ. ದಾರಿ ಉದ್ದ ಅಂತ ಹೇಳಿದ ಸುಳ್ಳು ಹೇಳಿದವನದೇ. ಮಷೀನಿನ ತಲೆಗೆ ಕಟ್ಟೋ ಹಾಗಿಲ್ಲ. ಐಟಿಆರ್-2 ತುಂಬ್ರೀ ಅಂದೆ, ಮಾಸ್ತರು ತುಂಬಿಸಿದರು.

ಯಾವ ಫಾರ್ಮೂ ತಗೊಳ್ಳದಿದ್ದರೆ? ಕಥೆ ಅಲ್ಲ, ಆಗಿದೆ. 2023–24ರ ಆದಾಯಕ್ಕೆ ರಿಟರ್ನ್ ತುಂಬೋ ಹೊತ್ತು. ಒಬ್ಬನಿಗೆ ಪಗಾರದಿಂದ ಐದು ಲಕ್ಷ, ಷೇರು ಬೇಗ ಮಾರಿದ್ದರಿಂದ ಒಂದು ಲಕ್ಷ ಲಾಭ ಅಂತಿಟ್ಟುಕೊಳ್ಳಿ. ಪಗಾರಿನ ಮೇಲೆ ತೆರಿಗೆ 10,000, ಷೇರಿನ ಲಾಭಕ್ಕೆ ಆಗಿನ ಶೇ. 15ರ ದರದಲ್ಲಿ 15,000. ಒಟ್ಟು 25,000. ಕಲಂ 87ಎ ಆಗ ಕೊಡ್ತಿದ್ದ ರಿಬೇಟೂ 25,000ದವರೆಗೆ. 2024ರ ಜುಲೈ 5ಕ್ಕಿಂತ ಮೊದಲು ತುಂಬಿದವನಿಗೆ ಸಾಫ್ಟ್‌ವೇರ್ ಸೊನ್ನೆ ತೋರಿಸಿತು. ಅವತ್ತು ಇಲಾಖೆಯ ಯುಟಿಲಿಟಿ ಅಪ್ಡೇಟ್ ಆಯಿತು. ಆಮೇಲೆ ತುಂಬಿದವನಿಗೆ ಅದೇ ಆದಾಯಕ್ಕೆ 15,000, ಸೆಸ್ ಸೇರಿ 15,600. ನಡುವೆ ಕಾಯ್ದೆಯಲ್ಲಿ ಒಂದು ಅಕ್ಷರ ಬದಲಾಗಿರಲಿಲ್ಲ. ವಿಶೇಷ ದರದ ಆದಾಯಕ್ಕೆ ರಿಬೇಟು ಸಿಗೋದಿಲ್ಲ ಅನ್ನೋದು ಇಲಾಖೆಯ ಅರ್ಥ. ಆ ಅರ್ಥ ಕೋಡಿನೊಳಗೆ ಹೋಗಿ ಕೂತಿತು. ರಿಬೇಟಿನ ಖಾನೆಯಲ್ಲಿ ನೀವು ಕೈಯಾರೆ ಬರೆಯೋಕೆ ಹೋದರೂ ತಗೊಳವಲ್ದು.

ಇಲ್ಲಿ ಮನುಷ್ಯನಿಗೆ ಉಳಿದ ಆಯ್ಕೆ ನೋಡಿ. ನನಗೆ ಹಕ್ಕಿದೆ ಅಂತ ಅವನು ನಂಬಿದ್ದಾನೆ, ಕಾಯ್ದೆ ಓದಿದ ವಕೀಲರೂ ಹಂಗೇ ಅಂತಾರೆ, ಆದರೆ ‘ನನಗೆ ಹಕ್ಕಿಲ್ಲ’ ಅನ್ನೋ ಕಾಗದಕ್ಕೇ ಅವನು ಸಹಿ ಮಾಡಬೇಕು. ರಿಟರ್ನಿನ ಕೊನೆಗೆ ‘ನನಗೆ ತಿಳಿದಮಟ್ಟಿಗೆ ಇದು ಸರಿ ಮತ್ತು ಪೂರ್ಣ’ ಅನ್ನೋ ಪ್ರಮಾಣ ಬೇರೆ ಇರ್ತದೆ. ಆ ಪ್ರಮಾಣವನ್ನ ಅವನಿಂದ ಮಾಡಿಸಿದ್ದು ಯಾರು?

ಮುಂಬೈಯ ತೆರಿಗೆ ಸಲಹೆಗಾರರ ಸಂಘ, ಚೇಂಬರ್ ಆಫ್ ಟ್ಯಾಕ್ಸ್ ಕನ್ಸಲ್ಟಂಟ್ಸ್, ಬಾಂಬೆ ಹೈಕೋರ್ಟಿಗೆ ಹೋಯಿತು. 2024ರ ಡಿಸೆಂಬರಿನಲ್ಲಿ ಮಧ್ಯಂತರ ಆದೇಶ ಬಂತು, ಗಡುವು 2025ರ ಜನವರಿ 15ಕ್ಕೆ ಹೋಯಿತು, ಜನವರಿ 24ರಂದು ತೀರ್ಪು. ರಿಬೇಟು ಸಿಗಬೇಕೋ ಬೇಡವೋ ಅನ್ನೋದನ್ನ ಕೋರ್ಟು ತೀರ್ಮಾನಿಸಲಿಲ್ಲ. ಅದು ಹೇಳಿದ ಸಾರಾಂಶ ಇಷ್ಟು: ಕೇಳೋದಕ್ಕೇ ಬಿಡದ ಹಾಗೆ ಸಾಫ್ಟ್‌ವೇರ್ ಬಾಗಿಲು ಹಾಕಬಾರದು, ಕೇಳಲಿ, ಕೊಡಬೇಕೋ ಬೇಡವೋ ಅನ್ನೋದನ್ನ ಆಮೇಲೆ ಕಾಯ್ದೆ ಪ್ರಕಾರ ಅಧಿಕಾರಿ ನೋಡಲಿ. ಮುಂದೆ 2025ರ ಬಜೆಟ್ಟಿನಲ್ಲಿ, 2025–26ರ ಆದಾಯದಿಂದ ವಿಶೇಷ ದರದ ಆದಾಯಕ್ಕೆ ಈ ರಿಬೇಟು ಇಲ್ಲ ಅಂತ ಕಾಯ್ದೆಯಲ್ಲೇ ಬರೆದರು. ಸರಿ, ಅದು ಪಾರ್ಲಿಮೆಂಟಿನ ಕೆಲಸ, ಅಲ್ಲೇ ಆಗಬೇಕಾಗಿತ್ತು. ಜುಲೈ ತಿಂಗಳ ಒಂದು ಶುಕ್ರವಾರ ಅಪ್ಡೇಟಿನಲ್ಲಿ ಆಗೋ ಕೆಲಸ ಅಲ್ಲ.

ನಮ್ಮ ಕಸುಬಿನಲ್ಲಿ ಇಂಥ ತಡೆಗೆ ವ್ಯಾಲಿಡೇಶನ್ ಅಂತೀವಿ. ಅದರಲ್ಲಿ ಎರಡು ಜಾತಿ ಇವೆ, ಬರೆಯುವಾಗ ಎರಡೂ ಒಂದೇ ಥರ ಕಾಣ್ತವೆ, ಅದೇ ತಾಪತ್ರಯ. ಪ್ಯಾನ್ ನಂಬರಿಗೆ ಹತ್ತು ಅಕ್ಷರ ಇರಬೇಕು, ಕೂಡಿಸಿದ್ದು ಕೂಡಬೇಕು. ಇದು ಲೆಕ್ಕ. ಇದನ್ನ ತಡೆದರೆ ತುಂಬುವವನಿಗೇ ಒಳ್ಳೆಯದು. ‘ಇವನಿಗೆ ಈ ರಿಬೇಟು ಸಲ್ಲೋದಿಲ್ಲ’ ಅನ್ನೋದು ಲೆಕ್ಕ ಅಲ್ಲ, ಅಭಿಪ್ರಾಯ. ಅಧಿಕಾರಿಯೊಬ್ಬರು ಅದನ್ನ ಬರೆದು ಕೊಟ್ಟರೆ ಕೆಳಗೆ ಹೆಸರು, ಸಹಿ ಇರ್ತದೆ, ಮೇಲ್ಮನವಿಗೆ ಹೋಗಬಹುದು. ಕೋಡಿನಲ್ಲಿ ಬರೆದರೆ ಕೆಂಪು ಅಕ್ಷರದ ಒಂದು ಸಾಲು ಬರ್ತದೆ, ಅಷ್ಟೇ. ಕೆಂಪು ಸಾಲಿನ ವಿರುದ್ಧ ಯಾವ ಆಫೀಸಿಗೆ ಹೋಗೋದು?

ಎಲ್ಲಾ ಅಪ್ಡೇಟೂ ಇಂಥದ್ದಲ್ಲ, ಅದನ್ನೂ ಹೇಳಬೇಕು. 2025ರ ಏಪ್ರಿಲ್‌ನಿಂದ ಕರ್ನಾಟಕದಲ್ಲಿ ಪಗಾರದವರ ವೃತ್ತಿ ತೆರಿಗೆ ತಿಂಗಳಿಗೆ 200, ಫೆಬ್ರವರಿಗೆ ಮಾತ್ರ 300. ಸಂವಿಧಾನದ ಮಿತಿ ವರ್ಷಕ್ಕೆ 2,500. ಹನ್ನೊಂದು ಇನ್ನೂರು, ಒಂದು ಮುನ್ನೂರು, ಸರಿಯಾಗಿ ಮಿತಿಗೆ ಬಂದು ನಿಲ್ತದೆ. ಪೇರೋಲ್ ಸಾಫ್ಟ್‌ವೇರಿನಲ್ಲಿ ಫೆಬ್ರವರಿಗೆ ಅಂತ ಪ್ರತ್ಯೇಕ ಸಾಲು ಬರೆಯುವಾಗ ಯಾರಾದರೂ ನಕ್ಕಿರಬಹುದು. ಆದರೆ ಅಲ್ಲಿ ಮೊದಲು ಕಾಯ್ದೆ, ಹಿಂದೆ ಕೋಡು.

ಇಲಾಖೆಯ ಕಡೆ ನ್ಯಾಯ ಇಲ್ಲ ಅಂತಲ್ಲ. ಬಿಟ್ಟರೆ ಜನ ಏನೇನು ಬರೀತಾರೆ ಅಂತ ಅವರಿಗೆ ಗೊತ್ತು. ಸುಳ್ಳು ಕಡಿತ ತೋರಿಸಿ ರಿಫಂಡ್ ಕೊಡಿಸೋ ಏಜೆಂಟರ ಮೇಲೆ 2025ರ ಜುಲೈನಲ್ಲಿ ದೇಶದ 150 ಕಡೆ ಕಾರ್ಯಾಚರಣೆ ಮಾಡಿದರು. ಆ ವರ್ಷದ ಫಾರ್ಮಿನಲ್ಲಿ ವಿಮೆಯ ಪಾಲಿಸಿ ನಂಬರಿನಂಥ ವಿವರಗಳನ್ನೂ ಕೇಳಿದರು. ಅದಕ್ಕೆ ನನ್ನ ತಕರಾರಿಲ್ಲ. ಹೆಚ್ಚು ಕೇಳೋದು ಬೇರೆ, ಬಾಯಿ ಮುಚ್ಚಿಸೋದು ಬೇರೆ. ಪಾಲಿಸಿ ನಂಬರ್ ಕೇಳಿದರೆ ಸುಳ್ಳು ಹೇಳೋನಿಗೆ ತೊಂದರೆ. ಖಾನೆಗೆ ಬೀಗ ಹಾಕಿದರೆ ಖರೇ ಹೇಳೋನಿಗೂ ತೊಂದರೆ.

ಆದರೆ ಕೇಳೋದರಲ್ಲೂ ಒಂದು ಸಂಕಟ ಇದೆ, ಅದು ನಮ್ಮ ಹೊಲಕ್ಕೇ ಬರ್ತದೆ. ನಿವ್ವಳ ಕೃಷಿ ಆದಾಯ ಐದು ಲಕ್ಷ ದಾಟಿದರೆ ಐಟಿಆರ್-2 ಕೆಲವು ವರ್ಷಗಳಿಂದ ನಾಲ್ಕು ವಿವರ ಕೇಳ್ತದೆ: ಪಿನ್‌ಕೋಡ್ ಸಮೇತ ಜಿಲ್ಲೆ, ಎಕರೆಯಲ್ಲಿ ಅಳತೆ, ಸ್ವಂತವೋ ಲಾವಣಿಯೋ, ನೀರಾವರಿಯೋ ಮಳೆಯಾಶ್ರಿತವೋ. ಕಪ್ಪು ಹಣವನ್ನ ಕಬ್ಬಿನ ರೊಕ್ಕ ಅಂತ ತೋರಿಸೋರನ್ನ ಹಿಡಿಯೋಕೆ ಇವು ಒಳ್ಳೆಯ ಪ್ರಶ್ನೆಗಳು. ಬೈಲಹೊಂಗಲ, ಕಿತ್ತೂರು ಕಡೆ ನೌಕರಿಯ ಜೊತೆ ಕಬ್ಬೂ ಇದ್ದವರಿಗೆ ಐದು ಲಕ್ಷ ದೂರದ ಮಾತೂ ಅಲ್ಲ.

ಮೊದಲು ಅಳತೆ. ಉತಾರದಲ್ಲಿ 2-20 ಅಂದರೆ ಎರಡು ಎಕರೆ ಇಪ್ಪತ್ತು ಗುಂಟೆ, ನಲವತ್ತು ಗುಂಟೆಗೆ ಒಂದು ಎಕರೆ, ಅಂದರೆ ಎರಡೂವರೆ. ಫಾರ್ಮಿನಲ್ಲಿ ಅದು 2.50 ಆಗಬೇಕು. ಉತಾರ ನೋಡಿ ಟೈಪ್ ಮಾಡೋನು 2.20 ಹೊಡೀತಾನೆ. ಮಷೀನು ಖುಷಿಯಿಂದ ತಗೊಳ್ತದೆ! ಎರಡನೇದು, ಸ್ವಂತವೋ ಲಾವಣಿಯೋ. ಹೊಲ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲಿದೆ, ಪೌತಿ ಖಾತೆ ಆಗಿಲ್ಲ, ಮೂವರು ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಹಂಚಿಕೊಂಡು ಉಳ್ತಾರೆ. ಕಾಗದದ ಮೇಲೆ ಅದು ಯಾರ ಸ್ವಂತ?

ನೀರಾವರಿ ಪ್ರಶ್ನೆಗಂತೂ ಈ ಭಾಗದಲ್ಲಿ ರಕ್ತದ ಇತಿಹಾಸ ಇದೆ. ಮಲಪ್ರಭೆಗೆ ಕಟ್ಟಿದ ಡ್ಯಾಮು ಸವದತ್ತಿ ತಾಲೂಕಿನ ನವಿಲುತೀರ್ಥದಲ್ಲಿದೆ. ಕಾಲುವೆ ಕೆಳಗೆ ನರಗುಂದ, ನವಲಗುಂದದ ಕಡೆ ಹೋಗ್ತದೆ. ಅಚ್ಚುಕಟ್ಟಿಗೆ ಸೇರಿದ ಹೊಲ ಕಾಗದದಲ್ಲಿ ನೀರಾವರಿ ಆಯಿತು, ನೀರಿನ ಕರ, ಅದರ ಮೇಲೆ ಬೆಟರ್‌ಮೆಂಟ್ ಲೆವಿ ಅನ್ನೋ ಅಭಿವೃದ್ಧಿ ಕರ ಬಂತು. ಕಾಲುವೆಯ ಕೊನೇ ಭಾಗಕ್ಕೆ ನೀರು ಮಾತ್ರ ಬರಲಿಲ್ಲ. 1980ರ ಜುಲೈ 21ರಂದು ಅಲ್ಲಿ ಗೋಲಿಬಾರ್ ಆಗಿ ರೈತರು ಸತ್ತರು. ಇವತ್ತಿಗೂ ಆ ದಿನ ರೈತ ಹುತಾತ್ಮ ದಿನ. ಅವರ ಜಗಳ ಸಾಲ, ಬೆಲೆ, ಕರ ಎಲ್ಲಾದರದ್ದೂ ಹೌದು. ಒಳಗೆ ಇದೂ ಇತ್ತು: ದಫ್ತರ ಹೇಳೋದು ಒಂದು, ಹೊಲ ಹೇಳೋದು ಇನ್ನೊಂದು, ಸರ್ಕಾರ ನಂಬೋದು ದಫ್ತರವನ್ನ.

ಈಗ ಕಾಲುವೆಯ ಕೊನೆಗೆ ಹೊಲ ಇದ್ದವನು ಫಾರ್ಮಿನ ಮುಂದೆ ಕೂತಿದ್ದಾನೆ. ಎರಡೇ ಆಯ್ಕೆ. ನೀರಾವರಿ ಅಂದರೆ ಹೊಲದ ಪ್ರಕಾರ ಸುಳ್ಳು, ಮಳೆಯಾಶ್ರಿತ ಅಂದರೆ ದಫ್ತರದ ಪ್ರಕಾರ ಸುಳ್ಳು. ಅವನು ಸುಳ್ಳ ಅಲ್ಲ. ಫಾರ್ಮು ಮಾಡಿದವನೂ ಮೋಸಗಾರ ಅಲ್ಲ, ಬೆಂಗಳೂರಿನಲ್ಲೋ ದಿಲ್ಲಿಯಲ್ಲೋ ಎಸಿ ರೂಮಿನಲ್ಲಿ ಕೂತು ಎರಡು ಪದ ಟೈಪ್ ಮಾಡಿದ್ದಾನೆ. ನಾನಿದ್ದರೂ ಎರಡೇ ಇಡ್ತಿದ್ದೆನೇನೋ. ಹಳ್ಳಿಯಲ್ಲಿ ಹುಟ್ಟಿದ್ದಕ್ಕೆ ಮೂರನೇದು ಹೊಳೀತದೆ.

ಕೈಯಲ್ಲಿ ಬರೆಯೋ ಕಾಲದ ದಫ್ತರಗಳಲ್ಲಿ ಕೊನೆಗೆ ‘ಷರಾ’ ಅಂತ ಒಂದು ಖಾನೆ ಇರ್ತಿತ್ತು. ಉಳಿದ ಖಾನೆಗಳಲ್ಲಿ ಹಿಡಿಸದ್ದನ್ನ ಅಲ್ಲಿ ಬರೀತಿದ್ದರು. ಇದನ್ನ ಹೇಳಿದರೆ ನಮ್ಮ ಟೀಮಿನ ಹುಡುಗರು ನಗ್ತಾರೆ. ಬರವಣಿಗೆ ಖಾನೆ ಇಟ್ಟರೆ ಯಾರು ಓದ್ತಾರೆ, ಕೋಟ್ಯಂತರ ರಿಟರ್ನು, ಮಷೀನಿಗೆ ಅದು ಅರ್ಥವಾಗೋದಿಲ್ಲ ಅಂತಾರೆ. ಎಲ್ಲಾದನ್ನೂ ಓದಬೇಕಾಗಿಲ್ಲ. ನಾಳೆ ನೋಟಿಸು ಬಂದಾಗ, ಇವನು ಅವತ್ತೇ ಹೇಳಿದ್ದ ಅಂತ ತೋರಿಸೋಕೆ ಇದ್ದರೆ ಸಾಕು.

2026ರ ಏಪ್ರಿಲ್ 1ರಿಂದ 1961ರ ಕಾಯ್ದೆ ಹೋಗಿ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬರ್ತದೆ. ‘ಅಸೆಸ್‌ಮೆಂಟ್ ವರ್ಷ’ ಹೋಗಿ ‘ತೆರಿಗೆ ವರ್ಷ’ ಅಂತಾಗ್ತದೆ, ಅದಕ್ಕೆ ತಕ್ಕ ಫಾರ್ಮುಗಳನ್ನೂ ಹೊಸದಾಗಿ ಬರೀಬೇಕು. ಬರೆಯೋ ಟೀಮಿನಲ್ಲಿ ನಮ್ಮ ಕಡೆಯವರು ಯಾರಾದರೂ ಇದ್ದರೆ ಒಂದು ಮಾತು: ನೀರಾವರಿ ಪ್ರಶ್ನೆಯ ಕೆಳಗೆ ಇನ್ನೂರು ಅಕ್ಷರದ ಜಾಗ ಬಿಡ್ರಿ. ‘ಉತಾರದಾಗ ನೀರು ಐತಿ, ಹೊಲಕ್ಕ ಬಂದಿಲ್ಲ’ ಅಂತ ಬರೆಯೋಕೆ ಅಷ್ಟೂ ಬೇಕಾಗೋದಿಲ್ಲ.