ಕೂಲಿ ಕೊಟ್ಟರೆ ಮುಗಿಯಿತೇ?



ಸಿದ್ದಾಪುರದ ಸುತ್ತ ಈಗ ರೋಬಸ್ಟಾ ಕೊಯ್ಲಿನ ಕಾಲ. ಬೆಳಗಾಗುತ್ತಿದ್ದಂತೆ ಜೀಪುಗಳು ಆಳುಗಳನ್ನು ತುಂಬಿಕೊಂಡು ತೋಟಗಳ ಕಡೆ ಹೊರಡುತ್ತವೆ. ಆನೆ ಇದೆಯೇನೋ ಎಂದು ಹೆದರುತ್ತಲೇ ನಡೆದು ಹೋಗುವವರೂ ಇದ್ದಾರೆ. ನನ್ನ ತರಗತಿಯ ಹಾಜರಿ ಪುಸ್ತಕದಲ್ಲಿ ಲೈನ್‌ಮನೆ ಮಕ್ಕಳ ಗೈರು ಹೆಚ್ಚುವುದೂ ಈ ದಿನಗಳಲ್ಲೇ. ಅಪ್ಪ ಅಮ್ಮ ಹಣ್ಣು ಕೊಯ್ಯಲು ಹೋದರೆ ಮನೆಯಲ್ಲಿರುವ ಕೂಸನ್ನು ಆಡಿಸಬೇಕಾದವರು ಈ ಮಕ್ಕಳೇ. ಆದ್ದರಿಂದ ಇಂದಿನ ಚಿಂತನೆ ಕೆಲಸ ಮತ್ತು ಕೆಲಸದವರ ಬಗ್ಗೆ.

ತೋಟಕ್ಕೆ ಒಂದು ಏಣಿ ಇದೆ. ಮೇಲೆ ಸಾಹುಕಾರರು, ಅವರ ಕೆಳಗೆ ರೈಟ್ರು, ಆಮೇಲೆ ಮೇಸ್ತ್ರಿ, ಕಟ್ಟಕಡೆಗೆ ಆಳು. ಕೆಲಸವನ್ನು ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದವರು ನಾವಷ್ಟೇ ಅಲ್ಲ. ಪ್ರಾಚೀನ ಚೀನಾದಲ್ಲಿಯೂ ನಾಲ್ಕು ವರ್ಗಗಳ ಲೆಕ್ಕವಿತ್ತು. ಮೊದಲು ಓದು ಬಲ್ಲ ಅಧಿಕಾರಿ ವರ್ಗ, ಎರಡನೆಯದು ರೈತ, ಮೂರನೆಯದು ಕುಶಲಕರ್ಮಿ, ಕೊನೆಯದು ವ್ಯಾಪಾರಿ. ಅನ್ನ ಬೆಳೆಯುವವನು ದೊಡ್ಡವನು, ಅವನು ಬೆಳೆದದ್ದನ್ನು ಮಾರಿ ಬದುಕುವವನು ಚಿಕ್ಕವನು ಎಂಬುದು ಅವರ ಎಣಿಕೆ. ಹಾನ್ ವಂಶದ ಮೊದಲ ಚಕ್ರವರ್ತಿ ಲಿಯು ಬಾಂಗ್, ವ್ಯಾಪಾರಿಗಳು ರೇಷ್ಮೆ ಉಡಬಾರದು ಎಂದೇ ಕಟ್ಟಳೆ ಮಾಡಿದ್ದ.

ಹಾಗೆಂದು ಅಲ್ಲಿನ ರೈತ ಸುಖವಾಗಿದ್ದನೆಂದು ತಿಳಿಯಬೇಡಿ. ಕಂದಾಯ, ಬಿಟ್ಟಿ ದುಡಿಮೆ, ಸೈನ್ಯದ ಸೇವೆ ಎಲ್ಲವೂ ಅವನ ಬೆನ್ನ ಮೇಲೆಯೇ. ನಾಲ್ಕರ ಲೆಕ್ಕಕ್ಕೂ ಸೇರದ ಗುಲಾಮರು ಅಲ್ಲೂ ಇದ್ದರು. ಆದರೂ ಒಂದು ವ್ಯತ್ಯಾಸ ಕಾಣುತ್ತದೆ. ಆ ಲಿಯು ಬಾಂಗ್ ಸ್ವತಃ ರೈತನ ಮಗ. ಅವನಿಗಿಂತ ಮೊದಲು, ಕ್ರಿ.ಪೂ. 209ರಲ್ಲಿ, ಚಿನ್ ಸಾಮ್ರಾಜ್ಯದ ವಿರುದ್ಧ ದಂಗೆಯೆದ್ದ ಚೆನ್ ಶೆಂಗ್ ಬೇರೆಯವರ ಹೊಲದಲ್ಲಿ ಕೂಲಿ ಮಾಡುತ್ತಿದ್ದವನು. ಆ ನಾಲ್ಕು ಮೆಟ್ಟಿಲುಗಳ ನಡುವೆ, ಮುಟ್ಟಿದರೆ ಮೈಲಿಗೆ ಎನ್ನುವ ಬೇಲಿ ಇರಲಿಲ್ಲ.

ನಮ್ಮ ದೇಶ ಆ ಬೇಲಿ ಹಾಕಿತು. 1936ರಲ್ಲಿ ಬಾಬಾಸಾಹೇಬರು 'ಜಾತಿ ವಿನಾಶ' ಬರೆದಾಗ ಇದನ್ನೇ ಬಿಡಿಸಿ ಹೇಳಿದರು. ಕೆಲಸ ಹಂಚಿಕೊಳ್ಳುವುದು ಎಲ್ಲ ಸಮಾಜದಲ್ಲೂ ಇದೆ, ಜಾತಿ ಕೆಲಸಗಾರರನ್ನೇ ಹಂಚಿ, ಒಬ್ಬರ ಮೇಲೆ ಒಬ್ಬರನ್ನು ಕೂರಿಸಿತು ಎಂಬುದು ಅವರ ವಾದ. ಕೊಡಗಿನಲ್ಲಿಯೂ ಗದ್ದೆಯ ಜೊತೆಗೆ ಗದ್ದೆಯ ಆಳುಗಳೂ ಕೈ ಬದಲಾಗುತ್ತಿದ್ದ ಕಾಲವಿತ್ತು. 1843ರ ಕಾಯಿದೆ ಗುಲಾಮಗಿರಿಗಿದ್ದ ಕಾನೂನಿನ ಬೆಂಬಲವನ್ನು ತೆಗೆಯಿತು. 1854ರಲ್ಲಿ ಮಡಿಕೇರಿಯಲ್ಲಿ ಯುರೋಪಿಯನ್ನರ ಮೊದಲ ಕಾಫಿ ತೋಟ ಶುರುವಾಯಿತು. ತೋಟ ಬಂತು, ಮುಂಗಡ ಬಂತು, ಲೈನ್‌ಮನೆ ಬಂತು. ಸಾಲದ ಜೀತವನ್ನು 1976ರ ಕಾಯಿದೆ ನಿಷೇಧಿಸಿತು. ಆದರೆ ಕೆಲಸ ಬಿಟ್ಟ ದಿನ ತಲೆಯ ಮೇಲಿನ ಸೂರೂ ಹೋಗುತ್ತದೆ ಎಂಬ ಭಯವನ್ನು ಯಾವ ಕಾಯಿದೆ ತೆಗೆಯಿತು?

2016ರ ಡಿಸೆಂಬರಿನಲ್ಲಿ ನಮ್ಮ ಪಕ್ಕದ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲುಗಳನ್ನು ಕೆಡವಿದ್ದು ನಿಮಗೆಲ್ಲ ನೆನಪಿದೆ. ಯರವರು, ಜೇನು ಕುರುಬರು. ಲೈನ್‌ಮನೆಗಳಿಂದ ಹೊರಬಂದವರು ಅವರಲ್ಲಿ ಬಹಳ. ತಮ್ಮದೇ ಆದ ಒಂದು ನೆಲೆಗಾಗಿ ಅವರು ಬಯಲಲ್ಲಿ ಕುಳಿತರು. ಹೋರಾಟದ ನಂತರ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಅನೇಕ ಕುಟುಂಬಗಳಿಗೆ ಮನೆ ಸಿಕ್ಕಿತು.

ಈಗ ಭಗವಾನ್ ಬುದ್ಧರ ಮಾತಿಗೆ ಬರೋಣ. ವಾಸೆಟ್ಠ ಸುತ್ತದಲ್ಲಿ ಅವರು ಹೇಳುವುದು ಸರಳ. ಹುಲ್ಲು, ಮರ, ಹಕ್ಕಿ, ಮೀನುಗಳಲ್ಲಿ ಹುಟ್ಟಿನಿಂದಲೇ ಬೇರೆ ಬೇರೆ ಜಾತಿ ಕಾಣುತ್ತದೆ. ಮನುಷ್ಯರಲ್ಲಿ ಕಾಣುವುದಿಲ್ಲ. ಉಳುವವನು ರೈತ, ಮಾರುವವನು ವ್ಯಾಪಾರಿ, ಇವೆಲ್ಲ ಕೆಲಸದಿಂದ ಬಂದ ಹೆಸರುಗಳು. ಕೆಲಸ ಬದಲಾದರೆ ಹೆಸರೂ ಬದಲಾಗುತ್ತದೆ. ರಾಜಗೃಹದ ಬೀದಿ ಗುಡಿಸುತ್ತಿದ್ದ ಸುನೀತ ಭಿಕ್ಷುವಾದದ್ದು ಹೀಗೆ. 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬಾಬಾಸಾಹೇಬರು ಸುನೀತನಿಗೂ ಕ್ಷೌರಿಕ ಉಪಾಲಿಗೂ ಜಾಗ ಕೊಟ್ಟದ್ದು ಸುಮ್ಮನೆ ಅಲ್ಲ.

ಸಿಗಾಲೋವಾದ ಸುತ್ತದಲ್ಲಿ ಕೆಲಸ ಕೊಡುವವರಿಗೆ ಐದು ಕರ್ತವ್ಯಗಳಿವೆ. ಒಂದೊಂದನ್ನೂ ನಮ್ಮೂರಿನ ತೋಟದಲ್ಲಿ ಇಟ್ಟು ನೋಡಿ.

1. ಶಕ್ತಿ ನೋಡಿ ಕೆಲಸ ಕೊಡಬೇಕು. ಬಸುರಿ ಹೆಂಗಸಿನ ತಲೆಯ ಮೇಲೆ ಹಣ್ಣಿನ ಚೀಲ ಹೊರಿಸಬಾರದು.
2. ಊಟ ಮತ್ತು ಕೂಲಿ ಕೊಡಬೇಕು. ಬಟವಾಡೆಯನ್ನು ಮುಂದಿನ ವಾರಕ್ಕೆ ತಳ್ಳಬಾರದು.
3. ಕಾಯಿಲೆಯಾದಾಗ ನೋಡಿಕೊಳ್ಳಬೇಕು. ಜ್ವರ ಬಂದವನಿಗೆ ರಜೆ ಹಾಕಿ ಸುಮ್ಮನಾದರೆ ಸಾಲದು.
4. ವಿಶೇಷ ಅಡಿಗೆಯಾದಾಗ ಹಂಚಿಕೊಳ್ಳಬೇಕು. ಅದೂ ನಾವು ಉಣ್ಣುವ ತಟ್ಟೆಯಲ್ಲೇ.
5. ಕಾಲಕಾಲಕ್ಕೆ ಬಿಡುವು ಕೊಡಬೇಕು.

ಕೂಲಿ ಎಂಬುದು ಈ ಐದರಲ್ಲಿ ಒಂದರ ಅರ್ಧ ಮಾತ್ರ. 'ಕೂಲಿ ಕೊಟ್ಟಾಯ್ತಲ್ಲ' ಎನ್ನುವವರಿಗೆ ಇನ್ನೂ ನಾಲ್ಕೂವರೆ ಬಾಕಿ ಇದೆ.

ಚೀನಾಕ್ಕೆ ಧಮ್ಮ ಹೋದಾಗಲೂ ಈ ಪ್ರಶ್ನೆ ಎದ್ದಿತು. ಟಾಂಗ್ ರಾಜವಂಶದ ಕಾಲದಲ್ಲಿ ಬೈಜಾಂಗ್ ಎಂಬ ಚಾನ್ ಗುರು ಇದ್ದರು, 814ರಲ್ಲಿ ತೀರಿಕೊಂಡರು. ವಿಹಾರದ ಹೊಲದಲ್ಲಿ ಶಿಷ್ಯರ ಜೊತೆ ತಾವೂ ಅಗೆಯುತ್ತಿದ್ದರು. ಮುಪ್ಪಾಯಿತೆಂದು ಮರುಕಪಟ್ಟ ಶಿಷ್ಯರು ಒಂದು ದಿನ ಅವರ ಗುದ್ದಲಿಯನ್ನು ಬಚ್ಚಿಟ್ಟರಂತೆ. ಗುರು ಆ ದಿನ ಊಟ ಮುಟ್ಟಲಿಲ್ಲ. ದುಡಿಯದ ದಿನ ತನಗೆ ಅನ್ನವೂ ಬೇಡ ಎಂದರು. ಈ ನಿಯಮವನ್ನು ಅವರು ಹಾಕಿಕೊಂಡದ್ದು ತಮಗೆ, ಮುಪ್ಪಿನಲ್ಲಿ. ಹಸಿದ ಆಳಿಗೆ ಇದೇ ಮಾತನ್ನು ಹೇಳಿ ಬೆದರಿಸುವವರು ಬೈಜಾಂಗ್ ಕಥೆಯನ್ನು ತಲೆಕೆಳಗು ಮಾಡುತ್ತಾರೆ.

ಬಂಧುಗಳೇ, ಇದು ನಮಗೇ ಸೇರಿದ ಮಾತು. ನಮ್ಮ ವೃತ್ತದಲ್ಲಿ ಈಗ ಶಿಕ್ಷಕರಿದ್ದೇವೆ, ನೌಕರರಿದ್ದೇವೆ, ಅರ್ಧ ಎಕರೆ ಕಾಫಿ ಮಾಡಿದವರಿದ್ದೇವೆ. ಬಾಬಾಸಾಹೇಬರ ದುಡಿಮೆಯಿಂದ ಏಣಿಯ ಒಂದೆರಡು ಮೆಟ್ಟಿಲು ಹತ್ತಿದ್ದೇವೆ. ಮೆಣಸು ಕೊಯ್ಯಲು, ಕಾಡು ಕಡಿಯಲು ನಾವೂ ಆಳು ಕರೆಯುತ್ತೇವೆ. ಆಗ ಐವತ್ತು ದಾಟಿದ ಯರವ ಹಿರಿಯರನ್ನು 'ಏ ಹುಡುಗ' ಎಂದು ಕೂಗುವ ನಾಲಿಗೆ ನಮ್ಮ ಮನೆಯಲ್ಲಿಯೂ ಇದ್ದರೆ, ಇಪ್ಪತ್ತೆರಡು ಪ್ರತಿಜ್ಞೆಗಳನ್ನು ನಾವು ಬಾಯಿಪಾಠ ಮಾಡಿದ್ದೇವೆ ಅಷ್ಟೇ. ಮನುಷ್ಯರೆಲ್ಲರೂ ಸಮಾನರೆಂದು ನಂಬುತ್ತೇನೆ ಎಂದು ಪ್ರಮಾಣ ಮಾಡಿದವರ ಅಂಗಳದಲ್ಲಿ ಬೇರೆ ಲೋಟ ಇರಬಾರದು. ನಮ್ಮ ಅಜ್ಜಂದಿರಿಗೆ ಆ ಲೋಟದ ರುಚಿ ಚೆನ್ನಾಗಿ ಗೊತ್ತಿತ್ತು.

ಈ ವಾರದ ಅಭ್ಯಾಸ ಇಷ್ಟು. ನಿಮ್ಮ ಮನೆಗೋ ತೋಟಕ್ಕೋ ಬರುವವರ ಹೆಸರು ಕೇಳಿ ತಿಳಿಯಿರಿ, ಆ ಹೆಸರಿನಿಂದಲೇ ಕರೆಯಿರಿ, ವಯಸ್ಸಾದವರಾದರೆ ಅಣ್ಣ, ಅಕ್ಕ ಎನ್ನಿ. ಮಧ್ಯಾಹ್ನ ಜೊತೆಗೆ ಕುಳಿತು ಉಣ್ಣಿ. ಅವರ ಮಗು ಶಾಲೆಗೆ ಹೋಯಿತೇ ಎಂದು ವಿಚಾರಿಸಿ. ಹೋಗಿಲ್ಲದಿದ್ದರೆ ನನಗೊಂದು ಮಾತು ತಿಳಿಸಿ, ನಾನೇ ಹೋಗಿ ಕರೆತರುತ್ತೇನೆ.

ಭವತು ಸಬ್ಬ ಮಂಗಲಂ. ಜೈ ಭೀಮ್.